ಹಿಡಿದು ಬಿಡುವ ಗಾಳ: ಮೀನಿನ ಪಾಡು, ಫೋಟೋದ ಪಾತ್ರ

ಗಾಳಕ್ಕೆ ಬಿದ್ದ ಮೀನನ್ನು ಕೊಲ್ಲದೆ ಮತ್ತೆ ಅದೇ ನೀರಿಗೆ ಬಿಡುವ ಪದ್ಧತಿ ಎರಡು ನಂಬಿಕೆಗಳ ಮೇಲೆ ನಿಂತಿದೆ. ಬಿಟ್ಟ ಮೀನು ಬದುಕುತ್ತದೆ ಎಂಬುದು ಒಂದು. ಅದು ಬದುಕಿದರೆ ನದಿಗೆ ಒಳಿತು ಎಂಬುದು ಇನ್ನೊಂದು. ಎರಡೂ ತಾವಾಗಿ ನಿಜವಾಗುವುದಿಲ್ಲ. ಕೊಕ್ಕೆ ಬಿಡಿಸುವ, ಮೀನನ್ನು ಎತ್ತುವ, ಫೋಟೋ ತೆಗೆಯುವ ಕೆಲವೇ ಕ್ಷಣಗಳಲ್ಲಿ ಮೊದಲನೆಯದರ ತೀರ್ಮಾನವಾಗುತ್ತದೆ. ಎರಡನೆಯದು ಯಾವ ಮೀನು, ಯಾವ ನೀರು, ಯಾವ ಕಾಲ ಎಂಬುದಕ್ಕೆ ಬಿಟ್ಟದ್ದು. ಇದನ್ನು ತೂಗಿ ನೋಡಲು ಕರ್ನಾಟಕದಲ್ಲಿ ಕಾವೇರಿಯ ಅನುಭವವಿದೆ. ಆ ಅನುಭವ ಶರಾವತಿ ಹಿನ್ನೀರಿನ ಬ್ಯಾಕೋಡಿನಂಥ ಊರಿಗೆ ಎಷ್ಟರಮಟ್ಟಿಗೆ ಒಗ್ಗುತ್ತದೆ ಎಂಬುದನ್ನು ಬೇರೆಯಾಗಿಯೇ ನೋಡಬೇಕು.

ಕಾವೇರಿ ಕಣಿವೆಯ ಗಾಳದ ಹಳೆಯ ಹೆಮ್ಮೆ ಸತ್ತ ಮೀನಿನದು. 1946ರಲ್ಲಿ ಮೈಸೂರಿನ ಡಿ ವೆಟ್ ವಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಕದ ಮಶೀರ್ ಇಂದಿಗೂ ದಾಖಲೆಯಾಗಿ ಉಳಿದಿದೆ. ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರಗಳು ನೆಲೆಗೊಂಡಾಗ ಮೀನನ್ನು ಹಿಡಿದು ಬಿಡುವುದೇ ನಿಯಮವಾಯಿತು. ಕೊಕ್ಕೆಗೆ ರಾಗಿಮುದ್ದೆ ಕಟ್ಟಿ, ಹರಿಗೋಲಿನಲ್ಲಿ ಮೀನಿನ ಬೆನ್ನುಹತ್ತಿ, ಸಿಕ್ಕ ಮೀನಿನ ತೂಕ ಬರೆದಿಟ್ಟು ಬಿಡುವ ಈ ಆಟ ಸ್ಥಳೀಯರಿಗೆ ಕೂಲಿ ಕೊಟ್ಟಿತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರು ಇಲ್ಲಿ ದಾರಿ ತೋರಿಸುವವರೂ ಕಾವಲುಗಾರರೂ ಆದರು. 1897ರ ಮೀನುಗಾರಿಕೆ ಕಾಯ್ದೆ ಸಿಡಿಮದ್ದನ್ನೂ ವಿಷವನ್ನೂ ನಿಷೇಧಿಸಿದ್ದರೂ ಅವು ನಿಲ್ಲದ ನದಿಯಲ್ಲಿ ಇದು ಸಣ್ಣ ಸಾಧನೆಯಲ್ಲ. ವನ್ಯಜೀವಿ ಕಾಯ್ದೆಯ ಕಾರಣದಿಂದ 2012ರ ಹೊತ್ತಿಗೆ ಅಭಯಾರಣ್ಯದೊಳಗಿನ ಈ ಗಾಳ ನಿಂತಿತು.

ಆ ಶಿಬಿರಗಳು ಬಿಟ್ಟುಹೋದ ಅತಿ ಬೆಲೆಯ ವಸ್ತು ಅವುಗಳ ದಾಖಲೆ ಪುಸ್ತಕ. ಗಾಳಿಬೋರೆಯ 1998ರಿಂದ 2012ರವರೆಗಿನ ಲೆಕ್ಕವನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನ ಎರಡು ವಿರುದ್ಧ ಚಿತ್ರಗಳನ್ನು ಕೊಟ್ಟಿತು. ನೀಲಿ ರೆಕ್ಕೆಯ ಮಶೀರ್ ಹೆಚ್ಚುತ್ತಾ ಹೋಗಿತ್ತು. ಕಾವೇರಿಗೇ ಸೇರಿದ, ಬೆನ್ನು ಉಬ್ಬಿದ ಮಶೀರ್ ಕುಸಿದಿತ್ತು. ಹೆಚ್ಚಿದ್ದು ಹೊರಗಿನ ಮರಿಕೇಂದ್ರದಿಂದ ತಂದು ಬಿತ್ತಿದ ಮೀನಿನ ಸಂತತಿ. ಹೆಸರಿಲ್ಲದೆ ಉಳಿದಿದ್ದ ಬೆನ್ನುಬ್ಬಿನ ಮಶೀರ್ ಟಾರ್ ರೆಮಾದೇವಿ ಎಂಬ ಪ್ರಭೇದವೇ ಎಂದು 2018ರಲ್ಲಿ ಗುರುತಾಯಿತು. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಒಂದೊಂದು ಮೀನನ್ನೂ ಜೋಪಾನವಾಗಿ ಬಿಟ್ಟರೂ ಇಡೀ ಕುಲ ಕರಗಬಹುದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಆದರೆ ಆ ಕರಗುವಿಕೆ ಲೆಕ್ಕಕ್ಕೆ ಸಿಕ್ಕಿದ್ದೂ ಗಾಳಗಾರರು ಬರೆದಿಟ್ಟದ್ದರಿಂದಲೇ.

ಇನ್ನು ಮೀನಿನ ಮೈಗೆ ಏನಾಗುತ್ತದೆ ಎಂಬುದು. ದಾರದ ತುದಿಯಲ್ಲಿ ಸೆಣಸುವ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ, ರಕ್ತ ಆಮ್ಲೀಯವಾಗುತ್ತದೆ. ಅದಕ್ಕೆ ಆಮ್ಲಜನಕ ಅತಿಯಾಗಿ ಬೇಕಾದ ಹೊತ್ತಿಗೇ ನೀರಿನಿಂದ ಎತ್ತಿದರೆ ಕಿವಿರಿನ ತೆಳುಪದರಗಳು ಒಂದಕ್ಕೊಂದು ಅಂಟಿಕೊಂಡು ಉಸಿರಾಟ ನಿಲ್ಲುತ್ತದೆ. 1992ರಲ್ಲಿ ಕೆನಡಾದಲ್ಲಿ ರೇನ್‌ಬೋ ಟ್ರೌಟ್ ಮೇಲೆ ನಡೆದ ಪ್ರಯೋಗದಲ್ಲಿ, ದಣಿಸಿ ನೀರಿನಲ್ಲೇ ಉಳಿಸಿದ ಮೀನುಗಳ ಪೈಕಿ ಶೇ. 12 ಸತ್ತವು. ದಣಿದ ಮೇಲೆ 30 ಸೆಕೆಂಡು ಗಾಳಿಯಲ್ಲಿಟ್ಟವುಗಳಲ್ಲಿ ಶೇ. 38, 60 ಸೆಕೆಂಡು ಇಟ್ಟವುಗಳಲ್ಲಿ ಶೇ. 72 ಸತ್ತವು. ಟ್ರೌಟ್ ತಣ್ಣೀರಿನ ಮೀನು. ಅದರ ಅಂಕಿಯನ್ನು ಮಲೆನಾಡಿನ ಮೀನಿಗೆ ನೇರವಾಗಿ ಹೊಂದಿಸಲಾಗದು. ಕಾವೇರಿಯ ನೀಲಿ ರೆಕ್ಕೆಯ ಮಶೀರ್ ಕುರಿತ 2016ರ ಅಧ್ಯಯನ, ಈ ಮೀನು ಸಾಕಷ್ಟು ಗಟ್ಟಿ ಎಂದೇ ಹೇಳುತ್ತದೆ. ಹತ್ತರಲ್ಲಿ ಒಂಬತ್ತು ಮೀನುಗಳಿಗೆ ಕೊಕ್ಕೆ ಬಾಯಿಗೇ ಸಿಕ್ಕಿತ್ತು, ದೊಡ್ಡ ಗಾಯ ಕಡಿಮೆ. ಆದರೂ ಸುಮಾರು ಮೂರರಲ್ಲೊಂದು ಮೀನಿನ ಪ್ರತಿವರ್ತನೆ ಕುಂದಿತ್ತು, ಸೆಣಸಾಟ ಉದ್ದವಾದಷ್ಟೂ ರಕ್ತದ ಏರುಪೇರು ಹೆಚ್ಚಿತ್ತು. ಗಾಳಗಾರರು ಕೊಂಡಾಡುವ ದೀರ್ಘ ಹೋರಾಟವೇ ಮೀನಿಗೆ ಹೆಚ್ಚು ದುಬಾರಿ.

ಈ ಹಿನ್ನೆಲೆಯಲ್ಲಿ ನೋಡಿದರೆ ರೂಢಿಯಲ್ಲಿರುವ ಫೋಟೋಗಳಲ್ಲಿ ಬಹುಪಾಲು ನಿಯಮದ ಅಕ್ಷರ ಪಾಲಿಸಿ ಉದ್ದೇಶವನ್ನು ಮರೆತಂಥವು. ದವಡೆಗೆ ಇಕ್ಕಳ ಸಿಕ್ಕಿಸಿ ನೆಟ್ಟಗೆ ತೂಗುಹಾಕಿದ ದೊಡ್ಡ ಮೀನಿನ ಇಡೀ ಭಾರ ದವಡೆಯ ಕೀಲು, ಬೆನ್ನೆಲುಬುಗಳ ಮೇಲೆ ಬೀಳುತ್ತದೆ. ಕಿವಿರಿನೊಳಗೆ ಬೆರಳು ತೂರಿಸಿ ಹಿಡಿದರೆ ರಕ್ತ ತುಂಬಿದ ಅಂಗವೇ ಹರಿಯುತ್ತದೆ. ಬಿಸಿ ಬಂಡೆಯ ಮೇಲೆ ಮಲಗಿಸಿದರೆ, ಒಣಬಟ್ಟೆಯಲ್ಲಿ ಒತ್ತಿದರೆ, ಸೋಂಕು ತಡೆಯುವ ಲೋಳೆ ಕಿತ್ತುಹೋಗುತ್ತದೆ. ಇಂಥ ಮೀನು ಈಜಿಕೊಂಡೇ ಹೋಗಬಹುದು. ಸಾವು ಬರುವುದು ಗಂಟೆಗಳೋ ದಿನಗಳೋ ಕಳೆದ ಮೇಲೆ. ಆದ್ದರಿಂದ ಮೀನು ಚಿಮ್ಮಿ ಹೋದದ್ದನ್ನೇ ಯಶಸ್ಸಿನ ಗುರುತೆಂದು ನಂಬುವಂತಿಲ್ಲ.

ಒಳ್ಳೆಯ ಕ್ರಮ ಸರಳವಾದದ್ದೇ. ಮುಳ್ಳಿಲ್ಲದ ಒಂಟಿ ಕೊಕ್ಕೆ, ಮೀನನ್ನು ಬೇಗ ದಡಕ್ಕೆ ತರುವಷ್ಟು ಗಟ್ಟಿ ದಾರ, ಗಂಟಿಲ್ಲದ ರಬ್ಬರ್ ಬಲೆ ಇರಬೇಕು. ಕ್ಯಾಮೆರಾ ಮೊದಲೇ ಸಜ್ಜಾಗಿದ್ದು, ಕೊಕ್ಕೆ ಬಿಡಿಸುವಾಗ ಮೀನು ನೀರಿನಲ್ಲೇ ಇರಬೇಕು. ಕೊಕ್ಕೆ ಗಂಟಲಿಗಿಳಿದಿದ್ದರೆ ಎಳೆಯುವುದಕ್ಕಿಂತ ದಾರ ಕತ್ತರಿಸುವುದು ಮೇಲು. ಎತ್ತಲೇಬೇಕೆಂದರೆ ಒದ್ದೆ ಕೈಗಳಲ್ಲಿ, ಒಂದು ಕೈ ಬಾಲದ ಬುಡಕ್ಕೆ, ಇನ್ನೊಂದು ಎದೆಯ ಕೆಳಗೆ ಇಟ್ಟು, ನೀರಿನಿಂದ ಗೇಣುದ್ದಕ್ಕಿಂತ ಮೇಲಕ್ಕೆ ಒಯ್ಯದೆ, ಐದು ಹತ್ತು ಸೆಕೆಂಡಿನಲ್ಲಿ ಮುಗಿಸಬೇಕು. ಬಿಡುವಾಗ ಮೀನಿನ ಮುಖ ಹರಿವಿಗೆ ಎದುರಾಗಿರಲಿ. ಹಿಂದೆ ಮುಂದೆ ಎಳೆದಾಡಿದರೆ ಕಿವಿರಿನಲ್ಲಿ ನೀರು ತಿರುಗುಮುರುಗಾಗುತ್ತದೆ. ಮಗುಚಿದ ಮೀನು ತಾನೇ ನೆಟ್ಟಗಾಗುತ್ತದೆಯೇ, ಬಾಲ ಹಿಡಿದರೆ ಕೊಸರಿಕೊಳ್ಳುತ್ತದೆಯೇ ಎಂದು ನೋಡಿ ಕೈಬಿಡಬೇಕು.

ಹಾಗೆಂದು ಫೋಟೋವೇ ಬೇಡವೆನ್ನುವುದೂ ಸರಿಯಲ್ಲ. ಪ್ರಭೇದದ ಹೆಸರೇ ಗೊಂದಲವಾಗಿದ್ದ ಮಶೀರ್‌ನಂಥ ಮೀನಿಗೆ ಚಿತ್ರವೇ ದಾಖಲೆ. ಆದರೆ ದಾಖಲೆಯಾಗಬೇಕಾದರೆ ಅದರಲ್ಲಿ ಮೀನಿನ ಪಕ್ಕೆ, ರೆಕ್ಕೆಗಳ ಬಣ್ಣ, ತುಟಿ, ಹುರುಪೆಗಳ ಸಾಲು ಸ್ಪಷ್ಟವಾಗಿ ಕಾಣಬೇಕು, ಪಕ್ಕದಲ್ಲಿ ಅಳತೆಪಟ್ಟಿ ಇರಬೇಕು. ಹಿಡಿದವನ ನಗುಮುಖ ಇರಬೇಕಾದ ಅಗತ್ಯವಿಲ್ಲ. ತೋಳು ಮುಂದೆ ಚಾಚಿ ಮೀನನ್ನು ದೊಡ್ಡದಾಗಿ ತೋರಿಸುವ ಚಿತ್ರ ಅಳತೆಗೂ ಉಪಯೋಗವಿಲ್ಲ. ಅಪರೂಪದ ಮೀನು ಸಿಕ್ಕ ಮಡುವಿನ ಗುರುತನ್ನು ಎಲ್ಲರಿಗೂ ತಿಳಿಯುವಂತೆ ಹಂಚುವುದು ಸಿಡಿಮದ್ದಿನವರಿಗೆ ದಾರಿ ಹೇಳಿಕೊಟ್ಟಂತೆ.

ಬ್ಯಾಕೋಡು, ತುಮರಿಗಳ ಕಡೆಗೆ ಬಂದರೆ ಲೆಕ್ಕ ಬದಲಾಗುತ್ತದೆ. 1964ರ ಲಿಂಗನಮಕ್ಕಿ ಅಣೆಕಟ್ಟು ಹುಟ್ಟಿಸಿದ ಈ ಹಿನ್ನೀರಿನಲ್ಲಿ ಮೀನುಗಾರಿಕೆ ಊಟದ, ಮಾರಾಟದ ಕಸುಬು. ಬಲೆಗೆ ಬಿದ್ದದ್ದನ್ನು ಬಿಡು ಎನ್ನುವುದು ಅಲ್ಲಿ ಅರ್ಥವಿಲ್ಲದ ಉಪದೇಶ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯದೆ ತಲುಪಬಹುದಾದ ಈ ದಡಕ್ಕೆ ಹವ್ಯಾಸಿಗಳ ಗಾಳವೂ ಸುಲಭವಾಗಿ ಬರಬಲ್ಲದು. ಅವರಿಗೆ ಮೂರು ಎಚ್ಚರಿಕೆಗಳು ಬೇಕು. ಕಣಿವೆಯ ಸಾಕಷ್ಟು ಭಾಗ ಶರಾವತಿ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿದೆ. ಅದರೊಳಗೆ ಹಿಡಿದು ಬಿಡುತ್ತೇವೆ ಎಂಬ ಸಮಜಾಯಿಷಿ ನಡೆಯದು. ಬೇಸಿಗೆಯಲ್ಲಿ ನೀರು ಇಳಿದು ಕಾದಾಗ ಆಮ್ಲಜನಕ ಕಡಿಮೆ: 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟರೆ 30 ಡಿಗ್ರಿಯದು ಏಳೂವರೆ ಮಾತ್ರ. ಆಗ ಮಧ್ಯಾಹ್ನ ಗಾಳ ಹಾಕುವುದನ್ನು ಬಿಡಬೇಕು. ಮುಂಗಾರಿನ ಮೊದಲ ಮಳೆಗೆ ಮೊಟ್ಟೆ ಹೊತ್ತು ಹಳ್ಳ, ಗದ್ದೆಗಳಿಗೆ ಏರುವ ಹತ್ತುಮೀನನ್ನು ಮುಟ್ಟದಿರುವುದೇ ಒಳ್ಳೆಯದು. ಜಿಲೇಬಿ ಮೀನು, ಆಫ್ರಿಕನ್ ಕ್ಯಾಟ್‌ಫಿಶ್‌ನಂಥ ಪರದೇಶಿ ಮೀನು ಸಿಕ್ಕರೆ ಮಾತ್ರ ನಿಯಮ ತಿರುಗುಮುರುಗು. ಅದನ್ನು ನೀರಿಗೆ ಮರಳಿಸುವುದೇ ತಪ್ಪು.

ಪದ್ಧತಿಗೆ ಇನ್ನೊಂದು ಮಿತಿಯೂ ಇದೆ. ಅದು ಗಾಳಕ್ಕೆ ಸಿಗುವ ದೊಡ್ಡ ಮೀನನ್ನಷ್ಟೇ ಕಾಣುತ್ತದೆ. ಶರಾವತಿಯ ಹೆಸರನ್ನೇ ಹೊತ್ತು 2004ರಲ್ಲಿ ಪರಿಚಯವಾದ ಬಟಾಸಿಯೊ ಶರಾವತಿಯೆನ್ಸಿಸ್‌ನಂಥ ಪುಟ್ಟ ಮೀನುಗಳಿಗೆ ಬೇಕಾದದ್ದು ಹರಿಯುವ ಹಳ್ಳ, ದಡದ ಕಾಡು. ಗಾಳದ ಶಿಷ್ಟಾಚಾರ ಅವುಗಳನ್ನು ತಲುಪುವುದಿಲ್ಲ. ಇನ್ನೊಂದು ದಾರಿಯೂ ಇದೆ: ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆ, ಶೃಂಗೇರಿಗಳ ಮತ್ಸ್ಯಧಾಮಗಳಲ್ಲಿ ಗಾಳವೇ ಇಲ್ಲ, ಫೋಟೋ ದಡದಿಂದಲೇ. ಮೀನಿಗೆ ನೋವು ಕೊಡುವುದನ್ನು ಆಟವೆನ್ನಬಹುದೇ ಎಂಬ ಆಕ್ಷೇಪಕ್ಕೆ ಅಲ್ಲಿ ಎಡೆಯೇ ಇಲ್ಲ. ಬಿಡಲೆಂದೇ ಮೀನು ಹಿಡಿಯುವುದನ್ನು ಸ್ವಿಟ್ಜರ್ಲೆಂಡ್ ನಿಷೇಧಿಸಿದ್ದು ಇದೇ ಆಕ್ಷೇಪದ ಮೇಲೆ. ಆದರೆ ಧಾಮದ ರಕ್ಷಣೆ ಮಡುವಿನ ಎಲ್ಲೆಗೆ ಮುಗಿಯುತ್ತದೆ, ಮಳೆಗಾಲದಲ್ಲಿ ಮೀನು ಆ ಎಲ್ಲೆ ದಾಟುತ್ತದೆ.

ಒಟ್ಟಿನಲ್ಲಿ ಹಿಡಿದು ಬಿಡುವುದು ಕೊಂದು ಒಯ್ಯುವುದಕ್ಕಿಂತ ಮೇಲು, ಹಿಡಿಯದೇ ಇರುವುದಕ್ಕಿಂತ ಕೆಳಗು. ನದಿಗೆ ಕಾವಲು ಕೊಟ್ಟಾಗ, ನಂಬಬಹುದಾದ ಲೆಕ್ಕ ಬಿಟ್ಟುಹೋದಾಗ ಅದು ಸಂರಕ್ಷಣೆ ಎಂಬ ಹೆಸರಿಗೆ ಅರ್ಹ. ಲೆಕ್ಕವೂ ಕಾವಲೂ ಇಲ್ಲದೆ ಫೋಟೋ ಒಂದೇ ಉಳಿದರೆ ಅದು ಬರಿಯ ಮನರಂಜನೆ, ಅದರ ವೆಚ್ಚವೆಲ್ಲ ಮೀನಿನದು.