ಮೊದಲು ಲೋಹ ನೋಡಿ, ಆಮೇಲೆ ಸುತ್ತಿಗೆ ಎತ್ತಿ

ಹಳೆಯ ಎಂಜಿಬಿ ಸ್ಪೋರ್ಟ್ಸ್ ಕಾರನ್ನು ಬಿಚ್ಚಿ ಜೋಡಿಸಲು ಹೊರಟವರು ಎಂಜಿನ್ ಕಂಡು ಹೆದರುತ್ತಾರೆ. ಹೆದರಬೇಕಾಗಿಲ್ಲ. ಅದರ 1798 ಸಿಸಿ ಎಂಜಿನ್ ಎರಕದ ಕಬ್ಬಿಣದ್ದು, ಸರಳವಾದದ್ದು. ಒಳ್ಳೆಯ ಸ್ಪ್ಯಾನರ್ ಸೆಟ್ಟು, ಒಂದು ಕೈಪಿಡಿ, ಒಂದಿಷ್ಟು ಬಿಡುವು ಇದ್ದರೆ ಅದು ಬಿಚ್ಚಿ ಬರುತ್ತದೆ. ಆ ಕಾರಿನಲ್ಲಿ ಮನುಷ್ಯನನ್ನು ನಿಜಕ್ಕೂ ಸೋಲಿಸುವುದು ಬಾಗಿಲ ಹಿಂಜ್ ಹಿಡಿದಿರುವ ಸ್ಟಾರ್ ಸ್ಕ್ರೂಗಳು. ಒಂದು ತಲೆ ಸವೆಯಿತೆಂದರೆ ಮುಂದಿನ ಕೆಲಸವೆಲ್ಲ ಅಲ್ಲೇ ನಿಂತಿತು. ಬಾಗಿಲ ಕೆಳಗಿನ ಸಿಲ್ ಕತ್ತರಿಸಿ ಹೊಸದನ್ನು ಬೆಸೆಯಬೇಕಾದರೆ ಬಾಗಿಲು ಸರಿಯಾದ ಸಂದಿನಲ್ಲಿ ಕೂರುತ್ತದೆಯೇ ಎಂದು ಮತ್ತೆ ಮತ್ತೆ ನೋಡಬೇಕು. ಅದಕ್ಕೆ ಹಿಂಜ್ ಸಡಿಲವಾಗಬೇಕು, ಹಿಂಜ್ ಸಡಿಲವಾಗಲು ಸ್ಕ್ರೂ ತಿರುಗಬೇಕು.

ಈ ಕಾರು ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾಯಿತು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಚಕ್ರದಿಂದ ಚಿಮ್ಮಿ ಬಾಗಿಲ ಕಂಬದ ಒಳಗೆ, ಸಿಲ್ಲಿನ ಒಳಗೆ ಸೇರಿ ವರ್ಷಗಟ್ಟಲೆ ಕೂತಿತು. ತುಕ್ಕು ಎಷ್ಟು ಕಾರುಗಳನ್ನು ತಿಂದಿತೆಂದರೆ, ಕಾರು ನಿಂತುಹೋದ ಮೇಲೆ 1988ರಲ್ಲಿ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಅದರ ಪೂರ್ತಿ ಬಾಡಿ ಶೆಲ್ಲನ್ನೇ ಹೊಸದಾಗಿ ಮಾಡಿ ಮಾರಲು ಶುರುಮಾಡಿತು. ನಮ್ಮಲ್ಲಿ ಹಿಮವಿಲ್ಲ, ನಿಜ. ಆದರೆ ಮಂಗಳೂರು, ಕಾರವಾರದ ಕಡಲಗಾಳಿಯಲ್ಲಿ ಹತ್ತು ಮಳೆಗಾಲ ಕಳೆದ ಯಾವ ಗಾಡಿಯನ್ನಾದರೂ ಬಿಚ್ಚಲು ಹೋಗಿ ನೋಡಿ, ಅದೇ ಕತೆ.

ಸ್ಕ್ರೂ ಜಾಮ್ ಆಗಿದೆ ಎಂದ ಕೂಡಲೇ ಎಣ್ಣೆ ಡಬ್ಬಿಗೆ ಕೈ ಹಾಕುವುದು ಎಲ್ಲರ ಅಭ್ಯಾಸ. ಅದಕ್ಕೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಯಾವ ಲೋಹ ಯಾವ ಲೋಹದೊಳಗೆ ಸಿಕ್ಕಿಕೊಂಡಿದೆ? ಈ ಅಂಕಣದ ಮಾತೆಲ್ಲ ಇದೊಂದರ ಸುತ್ತವೇ ಇದೆ. ಉಕ್ಕಿನ ಸ್ಕ್ರೂ ಉಕ್ಕಿನ ತಟ್ಟೆಯೊಳಗಿದ್ದರೆ ಥ್ರೆಡ್ಡಿನ ನಡುವೆ ಕೆಂಪು ತುಕ್ಕು ತುಂಬಿರುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಜಾಗವಿಲ್ಲದ ಕಡೆ ಬೆಳೆದು ಎರಡನ್ನೂ ಬಿಗಿಯುತ್ತದೆ. ಆದರೆ ಅದು ಪುಡಿಯಾಗುವ ವಸ್ತು, ಅದರ ಸಂದುಗಳಲ್ಲಿ ಎಣ್ಣೆ ಇಳಿಯುತ್ತದೆ. ಉಕ್ಕಿನ ಸ್ಕ್ರೂ ಅಲ್ಯುಮಿನಿಯಂ ಒಳಗಿದ್ದರೆ ನಡೆಯುವುದೇ ಬೇರೆ. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಅಲ್ಲೊಂದು ಪುಟ್ಟ ಬ್ಯಾಟರಿ ಆದಂತೆ. ಅದರಲ್ಲಿ ಸವೆಯುವುದು ಅಲ್ಯುಮಿನಿಯಂ. ಸವೆದದ್ದು ಬಿಳಿ ಪುಡಿಯಾಗಿ ಥ್ರೆಡ್ಡಿನಲ್ಲಿ ಗಚ್ಚಿನಂತೆ ಕೂರುತ್ತದೆ. ಈ ಬಿಳಿ ಗಚ್ಚಿಗೆ ಎಣ್ಣೆ ಎಂದರೆ ಲೆಕ್ಕಕ್ಕೇ ಇಲ್ಲ. ಎಂಜಿಬಿಯ ಮುಂದಿನ ಗಾಜಿನ ಚೌಕಟ್ಟು ಅಲ್ಯುಮಿನಿಯಂ, ಅದನ್ನು ಹಿಡಿದವು ಉಕ್ಕಿನ ಬೋಲ್ಟು, ಉಕ್ಕಿನ ಸ್ಕ್ರೂ. ಗಾಜು ಬದಲಿಸಲು ಹೋದವರು ವಾರಗಟ್ಟಲೆ ಪರದಾಡುವುದು ಇದಕ್ಕೇ.

ಇನ್ನು ಸ್ಕ್ರೂವಿನ ತಲೆ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ನಾವು ಸ್ಟಾರ್ ಎಂದು ಕರೆಯುವ ಸ್ಕ್ರೂಗಳೆಲ್ಲ ಒಂದೇ ಅಲ್ಲ. ಅಮೆರಿಕದ ಹೆನ್ರಿ ಫಿಲಿಪ್ಸ್ 1930ರ ದಶಕದಲ್ಲಿ ಪೇಟೆಂಟ್ ಪಡೆದು ಕಾರು ಕಾರ್ಖಾನೆಗಳಿಗೆ ತಂದ ಸ್ಟಾರ್ ಒಂದು. ಅದರ ಗೋಡೆಗಳು ಇಳಿಜಾರು. ಬಲ ಹೆಚ್ಚಾದರೆ ಡ್ರೈವರ್ ಮೇಲಕ್ಕೆ ಜಾರಿಕೊಳ್ಳುತ್ತದೆ. 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದ ಪೋಜಿಡ್ರೈವ್ ಮತ್ತೊಂದು. ಅದರ ಗೋಡೆ ಹೆಚ್ಚು ನೇರ, ಹಿಡಿತ ಹೆಚ್ಚು. ಗುರುತು ಸುಲಭ: ದೊಡ್ಡ ಶಿಲುಬೆಯ ತೋಳುಗಳ ನಡುವೆ ನಾಲ್ಕು ಸಣ್ಣ ಗೆರೆಗಳಿರುತ್ತವೆ. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಪೋಜಿಡ್ರೈವ್ ಹೇರಳ. ಅದಕ್ಕೆ ಫಿಲಿಪ್ಸ್ ಬಿಟ್ ಹಾಕಿದರೆ ಕೂತಂತೆ ಕಾಣುತ್ತದೆ, ಬಲ ಬಿದ್ದ ಕ್ಷಣ ತಲೆ ಕೆತ್ತಿಹೋಗುತ್ತದೆ. ಜಪಾನಿನವರ ಸ್ಟಾರ್ ಮೂರನೆಯ ಬಗೆ. ಆ ಬಗೆ ಇರುವ ನಮ್ಮ ಊರುಗಳ ಆರ್‌ಎಕ್ಸ್ 100 ಬೈಕುಗಳ ಎಂಜಿನ್ ಕವರಿನ ಸ್ಕ್ರೂಗಳನ್ನು ನೋಡಿ, ತಲೆ ನೆಟ್ಟಗಿರುವುದು ಅಪರೂಪ. ಅಲ್ಯುಮಿನಿಯಂ ಕವರು, ಉಕ್ಕಿನ ಸ್ಕ್ರೂ, ಹೊಂದದ ಡ್ರೈವರು ಮೂರೂ ಸೇರಿ ಆದ ಅನಾಹುತ ಅದು. ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಿಟ್ ಕೇಳುವಾಗ ಸ್ಟಾರ್ ಎಂದಷ್ಟೇ ಕೇಳಬೇಡಿ, ಬಗೆ ಹೇಳಿ, ಅಳತೆ ಹೇಳಿ, ಸಾಧ್ಯವಾದರೆ ಒಂದು ಸ್ಕ್ರೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಸರಿಯಾದ ಬಿಟ್ ಸಿಕ್ಕಿದರೂ ಕೂಡಲೇ ತಿರುಗಿಸಬಾರದು. ಹಿಂಜ್ ಸ್ಕ್ರೂಗಳ ಮೇಲೆ ಬಾಡಿಯ ಪೇಂಟು ಪದರ ಪದರವಾಗಿ ಕೂತಿರುತ್ತದೆ. ಚೂಪು ಸೂಜಿಯಿಂದ ಕುಳಿಯ ತಳದವರೆಗೂ ಅದನ್ನು ಕೆರೆದು ತೆಗೆಯಬೇಕು, ತಲೆಯ ಸುತ್ತಲಿನ ಅಂಚನ್ನೂ ಬಿಡಿಸಬೇಕು. ಬಿಟ್ಟಿನ ತುದಿಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಒಂದು ಚಿಟಿಕೆ ಹಚ್ಚಿದರೆ ಅದರೊಳಗಿನ ಹರಳು ಲೋಹವನ್ನು ಕಚ್ಚಿ ಹಿಡಿಯುತ್ತದೆ.

ಎಣ್ಣೆಗೆ ಬೇಕಾದದ್ದು ಹೊತ್ತು. ಡಬ್ಲ್ಯುಡಿ-40 ಎಲ್ಲರ ಮನೆಯಲ್ಲೂ ಇದೆ. 1953ರಲ್ಲಿ ಅದನ್ನು ರೂಪಿಸಿದ್ದು ಲೋಹದ ಮೇಲಿನ ನೀರನ್ನು ದೂಡಲಿಕ್ಕೆ. ತುಕ್ಕಿನೊಳಗೆ ಇಳಿಯಲೆಂದೇ ಮಾಡಿದ ಎಣ್ಣೆಗಳು ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಗೆ ಅಷ್ಟೇ ಅಸಿಟೋನ್ ಬೆರೆಸಿ ಬಳಸುವವರೂ ಬಹಳ. ಅವೆರಡೂ ಬೇಗ ಬೇರೆಯಾಗುವುದರಿಂದ ಪ್ರತಿ ಸಲ ಕುಲುಕಬೇಕು, ಬೆಂಕಿಯ ಹತ್ತಿರವಂತೂ ತರಬಾರದು. ಯಾವುದನ್ನೇ ಬಿಡಿ, ಬಿಟ್ಟ ಮೇಲೆ ಸ್ಕ್ರೂವಿನ ತಲೆಗೆ ಪಂಚ್ ಇಟ್ಟು ಸಣ್ಣಗೆ ಬಡಿಯಿರಿ. ಆ ನಡುಕಕ್ಕೆ ತುಕ್ಕು ಬಿರಿಯುತ್ತದೆ, ಎಣ್ಣೆ ಒಂದು ಹೆಜ್ಜೆ ಒಳಗೆ ಹೋಗುತ್ತದೆ. ಸಂಜೆ ಬಿಟ್ಟು ಬೆಳಿಗ್ಗೆ ಮತ್ತೆ ಬಿಡಿ. ಮರುದಿನವೂ ಹಾಗೇ ಮಾಡಿ.

ಆಮೇಲೆ ಇಂಪ್ಯಾಕ್ಟ್ ಡ್ರೈವರ್. ಕೈಯಲ್ಲಿ ಹಿಡಿದು ಹಿಂಬದಿಗೆ ಸುತ್ತಿಗೆಯಿಂದ ಹೊಡೆಯುವ ಹಳೆಯ ಬಗೆಯದನ್ನೇ ಹೇಳುತ್ತಿದ್ದೇನೆ. ಹೊಡೆತ ಬಿದ್ದಾಗ ಬಿಟ್ ಕುಳಿಯೊಳಕ್ಕೆ ಒತ್ತಿಕೊಳ್ಳುತ್ತದೆ, ಅದೇ ಕ್ಷಣದಲ್ಲಿ ತಿರುಗುತ್ತದೆ. ಜಾರಲು ಅವಕಾಶವೇ ಇಲ್ಲ. ಹಿಂಜ್ ಸ್ಕ್ರೂಗೆ ಇದಕ್ಕಿಂತ ಒಳ್ಳೆಯ ಉಪಕರಣವನ್ನು ನಾನು ಕಂಡಿಲ್ಲ. ಬಾಗಿಲ ಕೆಳಗೆ ಮರದ ತುಂಡಿಟ್ಟು ಜಾಕ್ ಕೊಟ್ಟು ಭಾರ ಇಳಿಸಿಕೊಳ್ಳಿ. ಮೊದಲ ಒಂದೆರಡು ಹೊಡೆತ ಬಿಗಿಯುವ ದಿಕ್ಕಿಗೆ ಇರಲಿ. ನಮ್ಮ ಗ್ಯಾರೇಜುಗಳ ಹಿರಿಯ ಮೇಸ್ತ್ರಿಗಳು ಕೆಲಸಕ್ಕೆ ಸೇರಿದ ಹುಡುಗನಿಗೆ ‘ಟೈಟ್ ಮಾಡಿ ಲೂಸ್ ಮಾಡೋ’ ಎಂದು ಹೇಳಿಕೊಡುವುದರಲ್ಲಿ ಅರ್ಥವಿದೆ. ಯಾವ ದಿಕ್ಕಿಗಾದರೂ ಸರಿ, ತುಕ್ಕಿನ ಹಿಡಿತ ಒಮ್ಮೆ ಬಿಟ್ಟರೆ ಸಾಕು. ಕಾಲು ಸುತ್ತು ಬಂತೆಂದು ಒಂದೇ ಉಸಿರಿಗೆ ಬಿಚ್ಚಲೂ ಬಾರದು. ಹಿಂದೆ ಮುಂದೆ ಆಡಿಸುತ್ತ, ಎಣ್ಣೆ ಬಿಡುತ್ತ ಹೊರತರಬೇಕು.

ಬೆಂಕಿಯ ಲೆಕ್ಕವೂ ಲೋಹದ ಜೋಡಿಯ ಮೇಲೆಯೇ ನಿಂತಿದೆ. ಅಲ್ಯುಮಿನಿಯಂ ಕಾದಾಗ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಆದ್ದರಿಂದ ಗಾಜಿನ ಚೌಕಟ್ಟಿನಂಥ ಕಡೆ ಅಲ್ಯುಮಿನಿಯಮ್ಮನ್ನು ಕಾಯಿಸಿದರೆ ರಂಧ್ರ ದೊಡ್ಡದಾಗಿ ಉಕ್ಕಿನ ಬೋಲ್ಟು ಸಡಿಲವಾಗುತ್ತದೆ. ಎಚ್ಚರವಿರಲಿ, ಕಬ್ಬಿಣದ ಹಾಗೆ ಅಲ್ಯುಮಿನಿಯಂ ಕೆಂಪಾಗಿ ಮುನ್ಸೂಚನೆ ಕೊಡುವುದಿಲ್ಲ. 660 ಡಿಗ್ರಿಗೆ ಒಮ್ಮೆಗೇ ಕುಸಿದುಬೀಳುತ್ತದೆ. ಮೇಲೆ ಬಟ್ಟೆ ಸೋಪು ಗೀಚಿಡಿ. ಆ ಗೀಚು ಕಪ್ಪಾಯಿತೆಂದರೆ ಲೋಹ ಮೆದುವಾಗುವಷ್ಟು ಕಾದಿದೆ, ಅದಕ್ಕೆ ಬಹಳ ಮೊದಲೇ ನಿಲ್ಲಿಸಬೇಕಿತ್ತು. ಹಾಟ್ ಏರ್ ಗನ್ ಸಾಕಾಗುವ ಕಡೆ ಗ್ಯಾಸ್ ಜ್ವಾಲೆ ಬೇಡ. ಉಕ್ಕಿನೊಳಗಿನ ಉಕ್ಕಿಗೆ ಕ್ರಮ ತಿರುಗುಮುರುಗು: ಸ್ಕ್ರೂವನ್ನೇ ಕಾಯಿಸಿ ತಣಿಯಲು ಬಿಡಬೇಕು. ಕಾದ ಸ್ಕ್ರೂ ಹಿಗ್ಗಿ ತುಕ್ಕನ್ನು ಅರೆಯುತ್ತದೆ, ತಣಿದಾಗ ಕುಗ್ಗಿ ಸಂದು ಬಿಡುತ್ತದೆ. ಬಾಗಿಲ ಕಂಬದೊಳಗೆ ತುಕ್ಕು ತಡೆಯಲು ಯಾರೋ ಯಾವಾಗಲೋ ಮೇಣ ಸುರಿದಿರಬಹುದು. ಅದು ಹೊತ್ತಿಕೊಂಡರೆ ಒಳಗೇ ಉರಿಯುತ್ತದೆ. ಫೈರ್ ಎಕ್ಸ್‌ಟಿಂಗ್ವಿಷರ್ ಪಕ್ಕದಲ್ಲೇ ಇರಲಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ಹೊರಗಿಟ್ಟಿರಿ.

ಬಲವೇ ಬೇಡದ ಜಾಗಗಳೂ ಇವೆ. ಎಸ್‌ಯು ಕಾರ್ಬ್ಯುರೇಟರಿನ ಥ್ರಾಟಲ್ ತಟ್ಟೆಯನ್ನು ಹಿಡಿದಿರುವ ಎರಡು ಪುಟ್ಟ ಹಿತ್ತಾಳೆ ಸ್ಕ್ರೂಗಳ ಬಾಲ ಸೀಳಿರುತ್ತದೆ. ಕಳಚಿ ಎಂಜಿನ್ನಿಗೆ ಬೀಳದಿರಲೆಂದು ಕಾರ್ಖಾನೆಯವರು ಆ ಬಾಲವನ್ನು ಅಗಲಿಸಿಟ್ಟಿರುತ್ತಾರೆ. ತುಕ್ಕೆಂದು ತಿಳಿದು ತಿರುಚಿದರೆ ಸ್ಪಿಂಡಲಿನ ಥ್ರೆಡ್ ಕಿತ್ತುಬರುತ್ತದೆ. ಮೊದಲು ಬಾಲವನ್ನು ಇಕ್ಕುಳದಿಂದ ಒತ್ತಿ ಕೂಡಿಸಬೇಕು. ಸಣ್ಣ ಅಲ್ಯುಮಿನಿಯಂ ಭಾಗದೊಳಗೆ ಉಕ್ಕಿನ ಸ್ಕ್ರೂ ಮುರಿದುಕೊಂಡಿದ್ದರೆ ಗಡಿಯಾರ ರಿಪೇರಿಯವರ ಹಳೆಯ ವಿದ್ಯೆಯೊಂದು ನೆರವಿಗೆ ಬರುತ್ತದೆ: ಪಟಿಕ. ಬಿಸಿ ನೀರಿನಲ್ಲಿ ಗಟ್ಟಿಯಾಗಿ ಪಟಿಕ ಕರಗಿಸಿ, ಭಾಗವನ್ನು ಅದರಲ್ಲಿ ಮುಳುಗಿಸಿ ಬಿಸಿಯಾಗಿಯೇ ಇಟ್ಟರೆ ಅದು ಉಕ್ಕನ್ನು ಮೆಲ್ಲಗೆ ತಿನ್ನುತ್ತದೆ, ಹಿತ್ತಾಳೆ, ಅಲ್ಯುಮಿನಿಯಂಗಳ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಉಳಿಸಿಕೊಳ್ಳಬೇಕಾದ ಉಕ್ಕಿನ ಚೂರೊಂದೂ ಅದರಲ್ಲಿ ಇರಬಾರದು, ಅಷ್ಟೇ. ಕ್ಷೌರದಂಗಡಿಯ ಪಟಿಕ ಕಾರ್ಬ್ಯುರೇಟರ್ ಉಳಿಸಬಲ್ಲದು ಎಂಬುದು ನನಗೆ ಇವತ್ತಿಗೂ ಸಂತೋಷ ಕೊಡುವ ಸಂಗತಿ.

ತಲೆ ಪೂರ್ತಿ ಸವೆದರೂ ದಾರಿ ಮುಚ್ಚಿಲ್ಲ. ನಡುವಿಗೆ ಪಂಚ್ ಹೊಡೆದು ತಲೆಯನ್ನಷ್ಟೇ ಡ್ರಿಲ್ ಮಾಡಿ ತೆಗೆದರೆ ಹಿಂಜ್ ಕೈಗೆ ಬರುತ್ತದೆ. ಒತ್ತಡ ಹೋದ ಮೇಲೆ ಉಳಿದ ಮೊಟಕನ್ನು ಗ್ರಿಪ್ ಪ್ಲೈಯರಿನಿಂದ ಹಿಡಿದು ತಿರುಗಿಸಬಹುದು. ಮೊಟಕು ಮೇಲ್ಮೈಗೆ ಸಮವಾಗಿ ಮುರಿದಿದ್ದರೆ ಅದರ ಮೇಲೊಂದು ನಟ್ ಇಟ್ಟು ಒಳಗಿನಿಂದ ವೆಲ್ಡ್ ಮಾಡಿಸಿ. ಹಿಡಿತವೂ ಸಿಗುತ್ತದೆ, ಕಾವೂ ಸಿಗುತ್ತದೆ. ಈಸಿ-ಔಟ್ ಎಂಬ ಎಡಗೈ ಸುರುಳಿಯನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಬೋಲ್ಟನ್ನೇ ಮುರಿಯುವಷ್ಟು ಬಿಗಿದಿದ್ದ ತುಕ್ಕು ಬೋಲ್ಟಿಗಿಂತ ತೆಳುವಾದ ಸುರುಳಿಗೆ ಬಗ್ಗುವುದು ಹೇಗೆ? ಅದು ಗಡಸು ಉಕ್ಕು; ಒಳಗೇ ಮುರಿದರೆ ಸಾಮಾನ್ಯ ಡ್ರಿಲ್ ಅದರ ಮೇಲೆ ಹಿಡಿಯುವುದಿಲ್ಲ.

ಬಿಚ್ಚಿದ್ದು ಮುಗಿದ ಮೇಲೆ ಹಲವರು ಸ್ಕ್ರೂಗಳನ್ನೆಲ್ಲ ಸ್ಟೇನ್‌ಲೆಸ್ ಸ್ಟೀಲಿಗೆ ಬದಲಿಸುತ್ತಾರೆ. ತುಕ್ಕಿನ ಕಾಟ ತಪ್ಪಿತೆಂಬ ನೆಮ್ಮದಿ ಅವರಿಗೆ. ನನಗೆ ಇದು ಒಪ್ಪಿಗೆಯಿಲ್ಲ. ಸ್ಟೇನ್‌ಲೆಸ್ ತಾನು ತುಕ್ಕು ಹಿಡಿಯದೆ ಪಕ್ಕದ ಅಲ್ಯುಮಿನಿಯಮ್ಮನ್ನು ಸವೆಸುತ್ತದೆ. ಸ್ಟೇನ್‌ಲೆಸ್ ನಟ್ಟಿನೊಳಗೆ ಸ್ಟೇನ್‌ಲೆಸ್ ಬೋಲ್ಟು ತಿರುಗಿಸುವಾಗಲೇ ಒಂದಕ್ಕೊಂದು ಅಂಟಿಕೊಳ್ಳುವುದೂ ಉಂಟು. ಹಳೆಯ ಬ್ರಿಟಿಷ್ ಎಂಜಿನಿಯರುಗಳ ವಿವೇಕ ಬೇರೆಯಿತ್ತು. ಎಕ್ಸಾಸ್ಟ್ ಪೈಪು ಮ್ಯಾನಿಫೋಲ್ಡಿಗೆ ಕೂಡುವ, ನಿತ್ಯ ಕಾಯುವ ಜಾಗದಲ್ಲಿ ಅವರು ಉಕ್ಕಿನ ಸ್ಟಡ್ಡಿಗೆ ಹಿತ್ತಾಳೆ ನಟ್ ಹಾಕುತ್ತಿದ್ದರು. ಹಿತ್ತಾಳೆಗೆ ತುಕ್ಕಿಲ್ಲ, ಉಕ್ಕಿಗೆ ಅಂಟುವುದಿಲ್ಲ, ತೀರ ಜಾಮ್ ಆದರೆ ಉಳಿಯಿಂದ ಸೀಳಿ ತೆಗೆಯಬಹುದು. ಮುಂದೊಂದು ದಿನ ಇನ್ಯಾರೋ ಇದನ್ನು ಬಿಚ್ಚುತ್ತಾರೆ ಎಂದು ನೆನೆದು ಮಾಡಿದ ಕೆಲಸ ಅದು. ಆ ನಟ್ಟುಗಳನ್ನು ಬದಲಿಸುವಾಗ ಹಿತ್ತಾಳೆಯದನ್ನೇ ಹುಡುಕಿ ತನ್ನಿ.

ಉಳಿದ ಕಡೆಗೆ ನಾನು ಹೇಳುವುದು ಇಷ್ಟು: ಸತುವಿನ ಲೇಪವಿರುವ, ಮೂಲದಷ್ಟೇ ಬಲದ ಉಕ್ಕಿನ ಸ್ಕ್ರೂ, ಥ್ರೆಡ್ಡಿಗೆ ತೆಳುವಾಗಿ ಕಾಪರ್ ಗ್ರೀಸ್. ಉಕ್ಕು ಅಲ್ಯುಮಿನಿಯಂ ಸೇರುವಲ್ಲಿ ಎರಡನ್ನೂ ಬೇರ್ಪಡಿಸುವ ಜಾಯಿಂಟಿಂಗ್ ಪೇಸ್ಟ್. ಗ್ರೀಸ್ ಹಚ್ಚಿದ ಥ್ರೆಡ್ ಅದೇ ಬಲಕ್ಕೆ ಹೆಚ್ಚು ಬಿಗಿಯುತ್ತದೆ, ಕೈ ಸ್ವಲ್ಪ ಹಗುರವಿರಲಿ. ನಿಮ್ಮ ಶೆಡ್ಡಿನಲ್ಲಿ ಹಳೆಯ ಕಾರೋ ಬೈಕೋ ಇದ್ದರೆ ಈ ಮಳೆಗಾಲಕ್ಕೆ ಮುಂಚೆ, ಇನ್ನೂ ತಿರುಗುತ್ತಿರುವ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ಗ್ರೀಸ್ ಹಚ್ಚಿ, ಮತ್ತೆ ಹಾಕಿಡಿ.