ಹಸಿರು ಬಟ್ಟೆಯ ಮುಂದಿನ ಹವಾಮಾನ ವರದಿ

ಪ್ರಾಥಮಿಕ ಶಾಲೆಯ ಮಕ್ಕಳು ತಾವೇ ಹವಾಮಾನ ಮುನ್ಸೂಚನೆಯ ವಿಡಿಯೋ ತಯಾರಿಸುವ ಚಟುವಟಿಕೆಯನ್ನು ನೀವು ನೋಡಿರಬಹುದು, ನಿಮ್ಮ ತರಗತಿಯಲ್ಲೇ ಮಾಡಿಸಿಯೂ ಇರಬಹುದು. ಗೋಡೆಗೆ ಹಸಿರು ಬಟ್ಟೆ, ಅದರ ಮುಂದೆ ಐದನೆಯ ತರಗತಿಯ ವಿದ್ಯಾರ್ಥಿನಿ, ಎದುರಿಗೆ ಶಿಕ್ಷಕರ ಮೊಬೈಲ್. ಹಸಿರು ಭಾಗವನ್ನು ಅಳಿಸಿ ಆ ಜಾಗದಲ್ಲಿ ಕರ್ನಾಟಕದ ನಕ್ಷೆಯನ್ನು ಕೂರಿಸುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಶಿಕ್ಷಕ ಮಿತ್ರರು ಕಳುಹಿಸಿದ ಇಂತಹ ಹಲವು ವಿಡಿಯೋಗಳನ್ನು ನಾನು ನೋಡಿದ್ದೇನೆ. ಮಕ್ಕಳ ಮಾತು ಸ್ಪಷ್ಟ, ಅಳುಕಿಲ್ಲ. ಭಾಷಾ ಪಾಠದ ಚಟುವಟಿಕೆಯೆಂದು ಇದನ್ನು ಮಾಡಿಸಿದರೆ ನನ್ನ ತಕರಾರೇನೂ ಇಲ್ಲ. ಆದರೆ ಇದನ್ನು ವಿಜ್ಞಾನದ ಚಟುವಟಿಕೆ ಎಂದು ಕರೆಯಲಾಗುತ್ತಿದೆ. ಹಾಗಿದ್ದಲ್ಲಿ ವಿಜ್ಞಾನ ಎಲ್ಲಿದೆ ಎಂದು ಕೇಳಲೇಬೇಕಾಗುತ್ತದೆ.

ಬಹುತೇಕ ವಿಡಿಯೋಗಳಲ್ಲಿ ಮಗು ಹೇಳುವ ಉಷ್ಣತೆ, ಆರ್ದ್ರತೆ, ಮಳೆಯ ಸಾಧ್ಯತೆ ಎಲ್ಲವೂ ಮೊಬೈಲ್ ಪರದೆಯಿಂದ ನಕಲು ಮಾಡಿದವು. ಬರಹ ಶಿಕ್ಷಕರದು. 'ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ' ಎಂದು ಗಂಭೀರವಾಗಿ ಹೇಳುವ ಹುಡುಗನಿಗೆ ವಾಯುಭಾರ ಎಂದರೇನೆಂದು ಇನ್ನೂ ಪಾಠವಾಗಿರುವುದಿಲ್ಲ. ಅವನು ಅನುಕರಿಸುತ್ತಿರುವುದು ಹವಾಮಾನ ವಿಜ್ಞಾನಿಯನ್ನಲ್ಲ, ವಾರ್ತಾವಾಚಕರನ್ನು. 1954ರ ಜನವರಿ 11ರಂದು ಬಿಬಿಸಿ ದೂರದರ್ಶನದಲ್ಲಿ ಮೊದಲ ಬಾರಿಗೆ ಕ್ಯಾಮೆರಾದ ಮುಂದೆ ನಿಂತು ಹವಾಮಾನ ವಿವರಿಸಿದ ಜಾರ್ಜ್ ಕೌಲಿಂಗ್ ಬ್ರಿಟನ್ನಿನ ಹವಾಮಾನ ಇಲಾಖೆಯವರೇ ಆಗಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು.

ಇನ್ನು ಪದಗಳ ವಿಷಯ. ನಮ್ಮ ಹವಾಮಾನ ವರದಿಗಳಲ್ಲಿ ಬರುವ 'ಒಂದೆರಡು ಕಡೆ', 'ಕೆಲವು ಕಡೆ', 'ಹಲವು ಕಡೆ', 'ಬಹುತೇಕ ಕಡೆ' ಎಂಬ ಮಾತುಗಳು ಬಾಯಿಗೆ ಬಂದಂತೆ ಬಳಸಿದವಲ್ಲ. ಭಾರತೀಯ ಹವಾಮಾನ ಇಲಾಖೆಯ ಪ್ರಕಾರ ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ. 25ರವರೆಗಿನ ಕೇಂದ್ರಗಳಲ್ಲಿ ಮಳೆಯಾದರೆ ಮೊದಲನೆಯದು, ಶೇ. 26ರಿಂದ 50ರವರೆಗೆ ಎರಡನೆಯದು, 51ರಿಂದ 75ರವರೆಗೆ ಮೂರನೆಯದು, ಅದಕ್ಕೂ ಮೇಲ್ಪಟ್ಟರೆ ನಾಲ್ಕನೆಯದು. 'ಭಾರೀ ಮಳೆ' ಎಂದರೆ 24 ಗಂಟೆಗಳಲ್ಲಿ 64.5 ಮಿಲಿಮೀಟರ್‌ನಿಂದ 115.5 ಮಿಲಿಮೀಟರ್‌ವರೆಗೆ. ಇದು ತಿಳಿಯದ ಮಗು 'ಕೆಲವು ಕಡೆ ಭಾರೀ ಮಳೆ' ಎಂದು ಹೇಳಿದರೆ ಅದು ಬರೀ ಶಬ್ದ. ಅಂಗಳದಲ್ಲಿ ರಾಗಿ ಒಣಹಾಕಿದ ಮನೆಯಿಂದ ಬರುವ ಮಗುವಿಗೆ ಈ ವ್ಯತ್ಯಾಸವನ್ನು ವಿವರಿಸುವುದು ಕಷ್ಟವೇನಲ್ಲ. 'ಒಂದೆರಡು ಕಡೆ' ಎಂದಾಗ ನಮ್ಮೂರಿನಲ್ಲಿ ಮಳೆ ಬಾರದಿದ್ದರೂ ವರದಿ ಸುಳ್ಳಾಗಲಿಲ್ಲ ಎಂಬುದು ಆಗ ಅದಕ್ಕೆ ಅರ್ಥವಾಗುತ್ತದೆ.

ಒಂದು ವಿಡಿಯೋದಲ್ಲಿ ಹುಡುಗಿ 'ಪೂರ್ವದ ಜಿಲ್ಲೆಗಳು' ಎನ್ನುತ್ತ ಬಲಗೈ ಚಾಚಿದಳು, ಕೈ ನೇರವಾಗಿ ಅರಬ್ಬೀ ಸಮುದ್ರಕ್ಕೆ ಹೋಯಿತು. ನಕ್ಷೆಗೆ ಬೆನ್ನು ಮಾಡಿ ನಮ್ಮತ್ತ ನಿಂತವಳಿಗೆ ಪೂರ್ವ ಇರುವುದು ಎಡಕ್ಕೆ. ಇದನ್ನು ತಿದ್ದಿ ಮತ್ತೆ ಚಿತ್ರೀಕರಿಸುವ ಬದಲು, ಏಕೆ ಹೀಗಾಯಿತೆಂದು ತರಗತಿಗೇ ಕೇಳಿದ್ದರೆ ಅರ್ಧ ಗಂಟೆಯ ಒಳ್ಳೆಯ ಪಾಠವಾಗುತ್ತಿತ್ತು. 'ಪಶ್ಚಿಮದ ಗಾಳಿ' ಎಂದರೆ ಪಶ್ಚಿಮದಿಂದ ಬೀಸುವ ಗಾಳಿ ಎಂಬುದನ್ನೂ ಅಲ್ಲಿಯೇ ಹೇಳಬಹುದಿತ್ತು.

ನನ್ನ ಮುಖ್ಯ ಆಕ್ಷೇಪ ಬೇರೆಯೇ ಇದೆ. ನಾನು ನೋಡಿದ ಯಾವ ವಿಡಿಯೋದಲ್ಲೂ 'ನಿನ್ನೆ ನಾವು ಹೇಳಿದ್ದು ನಿಜವಾಯಿತೇ?' ಎಂಬ ಪ್ರಶ್ನೆ ಇರಲಿಲ್ಲ. ಮುನ್ಸೂಚನೆಯನ್ನು ಪರೀಕ್ಷಿಸದೆ ಬಿಟ್ಟರೆ ಅದಕ್ಕೂ ಗಿಣಿಶಾಸ್ತ್ರಕ್ಕೂ ವ್ಯತ್ಯಾಸವನ್ನು ಮಗು ಹೇಗೆ ಗುರುತಿಸೀತು? ಪರೀಕ್ಷಿಸುವುದೂ ಅಂದುಕೊಂಡಷ್ಟು ಸರಳವಲ್ಲ. 1884ರಲ್ಲಿ ಅಮೆರಿಕದ ಜಾನ್ ಫಿನ್ಲೆ ಎಂಬ ಸೇನಾ ಹವಾಮಾನ ಅಧಿಕಾರಿ ಸುಂಟರಗಾಳಿಯ ಬಗ್ಗೆ 2803 ಮುನ್ಸೂಚನೆಗಳನ್ನು ನೀಡಿ, ಶೇ. 96.6ರಷ್ಟು ಸರಿ ಎಂದು ಪ್ರಕಟಿಸಿದ. ಲೆಕ್ಕ ನೋಡಿ: 'ಬರುತ್ತದೆ' ಎಂದ 100 ಸಲದಲ್ಲಿ ಬಂದದ್ದು 28 ಸಲ. 'ಬರುವುದಿಲ್ಲ' ಎಂದ 2703 ಸಲದಲ್ಲಿ 23 ಸಲ ಬಂದೇಬಿಟ್ಟಿತು. ಪ್ರತಿಸಲವೂ ಕಣ್ಣುಮುಚ್ಚಿ 'ಬರುವುದಿಲ್ಲ' ಎಂದಿದ್ದರೆ 2752 ಸಲ, ಅಂದರೆ ಶೇ. 98.2ರಷ್ಟು ಸರಿಯಾಗುತ್ತಿತ್ತು! ಇದರ ದೋಷವನ್ನು ಅದೇ ವರ್ಷ ಭೂವಿಜ್ಞಾನಿ ಜಿ. ಕೆ. ಗಿಲ್ಬರ್ಟ್ ವಿವರಿಸಿದ. ಚಿತ್ರದುರ್ಗದಲ್ಲಿ ಜನವರಿ ಪೂರ್ತಿ 'ನಾಳೆ ಮಳೆಯಿಲ್ಲ' ಎನ್ನುವ ಮಗುವಿಗೂ ಇದೇ ರೀತಿ ಹೆಚ್ಚು ಅಂಕ ಬರುತ್ತದೆ, ಕೌಶಲವೇನೂ ಬೇಕಿಲ್ಲ.

ಆದ್ದರಿಂದ ವಿಡಿಯೋ ಮಾಡಿಸುವುದಾದರೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ಅವಧಿಯನ್ನು ಆರಿಸಿಕೊಳ್ಳಿ. ತರಗತಿಯ ಗೋಡೆಯ ಮೇಲೆ ಒಂದು ಪಟ್ಟಿ ಇರಲಿ: ಮಕ್ಕಳ ಊಹೆ, ಇಲಾಖೆಯ ಮುನ್ಸೂಚನೆ, 'ನಾಳೆಯೂ ಇಂದಿನಂತೆಯೇ' ಎಂಬ ಸೋಮಾರಿ ಮುನ್ಸೂಚನೆ, ಕೊನೆಗೆ ನಿಜವಾಗಿ ಆದದ್ದು. ಆ ಸೋಮಾರಿಯನ್ನು ಸೋಲಿಸುವುದು ಎಷ್ಟು ಕಷ್ಟವೆಂದು ತಿಂಗಳೊಳಗೆ ಮಕ್ಕಳಿಗೇ ಗೊತ್ತಾಗುತ್ತದೆ. ಪ್ರತಿ ವಿಡಿಯೋದ ಮೊದಲ ಅರ್ಧ ನಿಮಿಷ ಹಿಂದಿನ ದಿನದ ಫಲಿತಾಂಶಕ್ಕೆ ಮೀಸಲಿರಲಿ.

'ನಿಜವಾಗಿ ಆದದ್ದು' ಎಂಬುದಕ್ಕೆ ಮಕ್ಕಳದೇ ಅಳತೆ ಬೇಕು. ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಕತ್ತನ್ನು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿದರೆ ಮಳೆಮಾಪಕ ಸಿದ್ಧ. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ನೇರ ಗೋಡೆ ಶುರುವಾಗುವವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗುರುತು ಹಾಕಬೇಕು. ನಾನು ಕಂಡ ಶಾಲಾ ಮಳೆಮಾಪಕಗಳಲ್ಲಿ ಹೆಚ್ಚಿನವು ತಪ್ಪಿದ್ದು ಇಲ್ಲಿಯೇ. ಬಾಯಿಯ ವ್ಯಾಸ ಕೆಳಗಿನ ಭಾಗದ ವ್ಯಾಸಕ್ಕಿಂತ ಎರಡು ಪಟ್ಟಿದ್ದರೆ ನೀರಿನ ಎತ್ತರ ನಾಲ್ಕು ಪಟ್ಟು ಕಾಣುತ್ತದೆ ಎಂಬುದನ್ನು ಏಳನೆಯ ತರಗತಿಯವರಿಂದ ಲೆಕ್ಕ ಮಾಡಿಸಬಹುದು. ಉಷ್ಣತಾಮಾಪಕವನ್ನು ಬಿಸಿಲಿಗೆ ಇಡದೆ, ಗಾಳಿಯಾಡುವ ನೆರಳಿನಲ್ಲಿ, ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ ತೂಗುಹಾಕಿ.

ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ. ಶಾಲೆಗೆ ಅನುಕೂಲವಾದ ಬೇರೆ ಹೊತ್ತನ್ನು ಇಟ್ಟುಕೊಂಡರೂ ಆದೀತು, ಆದರೆ ದಿನವೂ ಅದೇ ಹೊತ್ತಾಗಿರಬೇಕು. ಸೋಮವಾರ ಮಾಪಕದಲ್ಲಿರುವುದು ಶನಿವಾರದ ಅಳತೆಯ ನಂತರ ಬಿದ್ದ ಮಳೆಯ ಒಟ್ಟು ಮೊತ್ತ. ಅದನ್ನು 'ಎರಡು ದಿನಗಳದ್ದು' ಎಂದೇ ಬರೆಯಿಸಿ, ಎರಡರಿಂದ ಭಾಗಿಸಿ ಎರಡು ಮನೆಗಳನ್ನು ತುಂಬಿಸಬೇಡಿ.