ಪ್ರವಾಸಸಾಹಿತ್ಯದ ಪಾಠವೂ ಎಡೆದೊರೆಯ ಬಯಲೂ

ಕಾವ್ಯನಾಟಕಗಳಂತೆ ಪ್ರವಾಸಕಥನವನ್ನೂ ಪ್ರಕೃತಿವರ್ಣನೆಯನ್ನೂ ಸ್ನಾತಕೋತ್ತರ ತರಗತಿಗಳಲ್ಲಿ ಶಾಸ್ತ್ರೀಯವಾಗಿ ಅಭ್ಯಸಿಸುವ ಪದ್ಧತಿಯು ಈಗ ಹೊಸದಲ್ಲ. ಇಂಗ್ಲೆಂಡಿನ ಬಾತ್ ಸ್ಪಾ ವಿಶ್ವವಿದ್ಯಾಲಯವು ಇವೆರಡನ್ನೇ ವಿಷಯವಾಗಿ ಇಟ್ಟುಕೊಂಡು ಎಂ.ಎ. ತರಗತಿಯನ್ನು ನಡೆಸಿದೆ. ನಮ್ಮಲ್ಲಿ ಕನ್ನಡ ಎಂ.ಎ. ವ್ಯಾಸಂಗದೊಳಗೆ ಪ್ರವಾಸಸಾಹಿತ್ಯವು ಸಾಮಾನ್ಯವಾಗಿ ಗದ್ಯಪ್ರಕಾರಗಳ ಸಾಲಿನಲ್ಲಿ ಒಂದು ಘಟಕವಾಗಿ ಬಂದುಹೋಗುತ್ತದೆ. ಹೀಗೆ ಓದಿ ಬಂದ ತರುಣರೊಡನೆ ಮಾತನಾಡುವ ಸಂದರ್ಭಗಳು ಈ ಲೇಖಕನಿಗೆ ಹಲವು ಬಾರಿ ದೊರೆತಿವೆ. ಪ್ರವಾಸಸಾಹಿತ್ಯದ ಲಕ್ಷಣಗಳನ್ನು ಅವರು ತಡೆಯಿಲ್ಲದೆ ಹೇಳಬಲ್ಲರು. ಮಾನವಿಯಿಂದ ದೇವದುರ್ಗಕ್ಕೆ ಹೋಗುವಾಗ ಎರೆಯ ಭೂಮಿ ಎಲ್ಲಿ ಮುಗಿದು ಮಸಾರಿ ಎಲ್ಲಿ ಮೊದಲಾಗುತ್ತದೆಂದು ಕೇಳಿದರೆ ಮಾತ್ರ ಸುಮ್ಮನಾಗುತ್ತಾರೆ. ಅದು ಸಾಹಿತ್ಯದ ಪ್ರಶ್ನೆಯೇ ಅಲ್ಲವೆಂಬುದು ಅವರ ಭಾವನೆ. ಅದೂ ಸಾಹಿತ್ಯದ ಪ್ರಶ್ನೆಯೇ ಎಂಬುದನ್ನು ಇಲ್ಲಿ ಕೊಂಚ ವಿಚಾರಿಸಬೇಕಾಗಿದೆ.

ಕಂಡುದನ್ನು ಕಂಡಂತೆ ಹೇಳಿದರೆ ಕಾವ್ಯವಾದೀತೆ? ಈ ಸಂಶಯವು ನಮ್ಮ ಆಲಂಕಾರಿಕರಿಗೆ ಬಹು ಹಿಂದೆಯೇ ಬಂದಿತ್ತು. ಸಂಧ್ಯಾಕಾಲವನ್ನು ಬರಿದೆ ಒಪ್ಪಿಸುವ ಮಾತನ್ನೆತ್ತಿಕೊಂಡು ಭಾಮಹನು ಅದು ವಾರ್ತೆಯೇ ಹೊರತು ಕಾವ್ಯವಲ್ಲವೆಂದನು. ದಂಡಿಯಾದರೋ ಸ್ವಭಾವೋಕ್ತಿಗೆ ಅಲಂಕಾರಗಳಲ್ಲಿ ಮೊದಲ ಸ್ಥಾನವನ್ನೇ ಕೊಟ್ಟನು. ವಸ್ತುವಿನ ಸ್ವಭಾವವು ಅಲಂಕಾರ್ಯವೇ ಹೊರತು ಅಲಂಕಾರವಾಗಲಾರದೆಂದು ಕುಂತಕನು ವಾದಿಸಿದನು. ಈ ವಿವಾದದಲ್ಲಿ ನಮಗೆ ಹೆಚ್ಚು ಉಪಯೋಗಕ್ಕೆ ಬರುವವನು ವ್ಯಕ್ತಿವಿವೇಕಕಾರನಾದ ಮಹಿಮಭಟ್ಟ. ವಸ್ತುವಿಗೆ ಸಾಮಾನ್ಯ, ವಿಶಿಷ್ಟ ಎಂದು ಎರಡು ರೂಪಗಳುಂಟು. ಸಾಮಾನ್ಯರೂಪವು ಎಲ್ಲರ ಮಾತಿಗೂ ಸಿಕ್ಕುವಂಥದು. ವಿಶಿಷ್ಟರೂಪವನ್ನು ಹಿಡಿಯಬಲ್ಲುದು ಪ್ರತಿಭಾವಂತನ ಮಾತು ಮಾತ್ರ ಎಂಬುದು ಅವನ ಮತದ ಸಾರ. ಬೇಸಗೆಯಲ್ಲಿ ನೆಲವು ಬಿರಿಯಿತೆಂದರೆ ಅದು ಸಾಮಾನ್ಯ. ಯಾವ ಊರ ಯಾವ ಹೊಲವು ಮೊಳಕೈ ಇಳಿಯುವಷ್ಟು ಬಿರಿದಿತ್ತು, ಆ ಬಿರುಕಿನ ಅಂಚಿನಲ್ಲಿ ಕಳೆದ ಸುಗ್ಗಿಯ ಜೋಳದ ಕೂಳೆಯು ಹೇಗೆ ವಾಲಿ ನಿಂತಿತ್ತು ಎಂದು ಹೇಳಿದರೆ ಅದು ವಿಶಿಷ್ಟ. ಪ್ರವಾಸಗ್ರಂಥವನ್ನು ತೂಗಲು ಇದಕ್ಕಿಂತ ಒಳ್ಳೆಯ ತಕ್ಕಡಿಯನ್ನು ಈ ಲೇಖಕನು ಕಂಡಿಲ್ಲ. ಕಾವ್ಯಮೀಮಾಂಸೆಯ ತರಗತಿಯಲ್ಲಿ ಇದನ್ನು ಕಲಿತ ವಿದ್ಯಾರ್ಥಿಯು ಪಕ್ಕದ ಕೋಣೆಯಲ್ಲಿ ಪ್ರವಾಸಕಥನವನ್ನು ಓದುವಾಗ ಇದನ್ನು ಮರೆತೇ ಕುಳಿತಿರುತ್ತಾನೆ.

ಈ ತಕ್ಕಡಿಯಲ್ಲಿ ಭಾರವಾಗಿ ನಿಲ್ಲುವ ಕನ್ನಡ ಗ್ರಂಥಗಳಲ್ಲಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಅಗ್ರಗಣ್ಯವಾದುದು. ೧೯೭೮ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಸ್ವಾಮಿಯವರು ವಿದ್ಯಾರ್ಥಿಗಳನ್ನು ಕೂಡಿಕೊಂಡು ಪಶ್ಚಿಮಘಟ್ಟದ ಕಾಡುಗಳಲ್ಲಿ ಸುತ್ತಿದ ಕಥೆಯಿದು. ಗಿಡದ ಎಲೆ, ಹೂ, ಕಾಯಿಗಳನ್ನು ವಿವರಿಸುವಾಗ ಶಾಸ್ತ್ರನಿಷ್ಠೆಯು ಸಡಿಲವಾಗುವುದಿಲ್ಲ. ತರುಣರ ತುಂಟತನವನ್ನೂ ದಾರಿಯ ಪಜೀತಿಗಳನ್ನೂ ಹೇಳುವಾಗ ನಗೆಯು ಬತ್ತುವುದಿಲ್ಲ. ಇಲ್ಲೊಂದು ವಿಪರ್ಯಾಸವನ್ನು ವಾಚಕರು ಗಮನಿಸಬೇಕು. ಈ ಗ್ರಂಥವು ಹುಟ್ಟಿದುದು ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಕಾಡಿಗೆ ನಡೆದುದರಿಂದ. ಅದನ್ನು ಓದಿ ಪರೀಕ್ಷೆ ಬರೆಯುವ ಸಾಹಿತ್ಯದ ವಿದ್ಯಾರ್ಥಿಯಾದರೋ ಕುಳಿತ ಹಲಗೆಯಿಂದ ಏಳುವುದಿಲ್ಲ. ಗೊರೂರರ ‘ಅಮೆರಿಕದಲ್ಲಿ ಗೊರೂರು’ ಬೇರೆ ಜಾತಿಯ ಪುಸ್ತಕ. ೧೯೮೦ರ ಅಕಾಡೆಮಿ ಪ್ರಶಸ್ತಿ ಪಡೆದ ಆ ಗ್ರಂಥದ ಸೊಗಸು, ಅಮೆರಿಕಕ್ಕೆ ಹೋದವರು ತಮ್ಮ ಹಳ್ಳಿಯ ಕಣ್ಣನ್ನು ಹಳ್ಳಿಯಲ್ಲೇ ಬಿಟ್ಟುಹೋಗಲಿಲ್ಲವೆಂಬುದರಲ್ಲಿದೆ.

ಅದಂತಿರಲಿ. ನಮ್ಮ ಜಿಲ್ಲೆಯ ವಿದ್ಯಾರ್ಥಿಗೆ ಇನ್ನೊಂದು ತೊಡಕುಂಟು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’, ಕಾರಂತರ ಗ್ರಂಥಗಳು, ತೇಜಸ್ವಿಯವರ ‘ಪರಿಸರದ ಕತೆ’, ಇವೆಲ್ಲವೂ ಉತ್ಕೃಷ್ಟವಾದುವೇ. ಆದರೆ ಇವುಗಳನ್ನೇ ಒಂದರ ಮೇಲೊಂದು ಓದಿದ ಎಡೆದೊರೆನಾಡಿನ ಹುಡುಗನಿಗೆ ಪ್ರಕೃತಿಯೆಂದರೆ ಮಳೆಕಾಡು, ಬೆಟ್ಟ, ಜಲಪಾತ ಎಂಬ ಭ್ರಮೆ ನೆಲೆಗೊಳ್ಳುತ್ತದೆ. ಕೃಷ್ಣೆ ತುಂಗಭದ್ರೆಗಳ ನಡುವಣ ತನ್ನ ಬಯಲಿನಲ್ಲಿ ಬಿಸಿಲಲ್ಲದೆ ಮತ್ತೇನೂ ಇಲ್ಲವೆಂದು ಅವನು ನಂಬುತ್ತಾನೆ. ಈ ದೋಷದಲ್ಲಿ ಹಳೆಯ ಲಕ್ಷಣಕಾರರಿಗೂ ಪಾಲಿದೆಯೆಂದು ಪಾಠಶಾಲೆಯಲ್ಲಿ ಓದಿದವನಾದ ನಾನೇ ಹೇಳಬೇಕು. ಅಷ್ಟಾದಶ ವರ್ಣನೆಗಳಲ್ಲಿ ನಗರವುಂಟು, ಸಮುದ್ರವುಂಟು, ಶೈಲವುಂಟು, ಋತುಗಳುಂಟು, ಉತ್ತ ಹೊಲವಿಲ್ಲ. ಪ್ರಯಾಣವೇನೋ ಆ ಪಟ್ಟಿಯಲ್ಲಿದೆ, ಆದರೆ ಅದು ಸೇನೆಯ ದಂಡಯಾತ್ರೆ. ಸಮುದ್ರವನ್ನು ಕಣ್ಣಾರೆ ಕಾಣದವರೂ ಪಟ್ಟಿಯ ದಾಕ್ಷಿಣ್ಯಕ್ಕಾಗಿ ಸಮುದ್ರವನ್ನು ವರ್ಣಿಸಿದರು. ಕಾಳಿದಾಸನ ದೊಡ್ಡತನವನ್ನು ಇಲ್ಲಿ ನೋಡಬೇಕು. ಮೇಘದೂತದಲ್ಲಿ ಅವನು ಮೇಘವನ್ನು ಬೆಟ್ಟಗಳ ಮೇಲೆ ಮಾತ್ರ ಹಾಯಿಸದೆ, ಆಗತಾನೆ ಉತ್ತು ಕಮ್ಮನೆ ಕಂಪಿಡುವ ನೆಲದ ಮೇಲೂ ಹಾಯಿಸುತ್ತಾನೆ.

ನಮ್ಮ ಬಯಲು ಯಾತ್ರಿಕರನ್ನೂ ಬರೆದವರನ್ನೂ ಕಾಣದ ನೆಲವೇನಲ್ಲ. ರಾಯಚೂರಿನ ಕೋಟೆಯ ಗೋಡೆಯಲ್ಲಿ ೧೨೯೪ರ ಶಾಸನವನ್ನು ಹೊತ್ತ ಸುಮಾರು ೪೧ ಅಡಿ ಉದ್ದದ ಕಲ್ಲಿದೆ. ಅದನ್ನು ಬಂಡಿಯ ಮೇಲೆ ಎಳೆದು ತಂದ ಪರಿಯನ್ನು ಅಲ್ಲಿಯೇ ಕೆತ್ತಿದ್ದಾರೆ. ಕಲ್ಲಿನ ಪ್ರವಾಸಕಥನವನ್ನು ಕಲ್ಲೇ ಹೇಳುವುದು ಅಪೂರ್ವವಲ್ಲವೆ? ೧೫೨೦ರಲ್ಲಿ ಕೃಷ್ಣದೇವರಾಯನು ಆದಿಲ್‌ಶಾಹಿ ಸೇನೆಯನ್ನು ಸೋಲಿಸಿದ ರಾಯಚೂರ ಯುದ್ಧವನ್ನು ಪೋರ್ಚುಗೀಸರ ಕುದುರೆವ್ಯಾಪಾರಿ ನೂನಿಜನು ವಿಸ್ತಾರವಾಗಿ ಬರೆದಿದ್ದಾನೆ. ಬರೆದುದು ಸುಮಾರು ಹದಿನೈದು ವರ್ಷಗಳ ಬಳಿಕ. ಆದ್ದರಿಂದ ಅವನ ಸೇನಾಸಂಖ್ಯೆಗಳನ್ನು ಕೇಳಿದ ಮಾತೆಂದೂ, ಪಾಯೆಸನು ವಿಜಯನಗರದ ಬೀದಿಗಳನ್ನು ಹೇಳುವುದನ್ನು ಕಂಡ ಮಾತೆಂದೂ ಬೇರ್ಪಡಿಸಿ ಓದಲು ಕಲಿಸಬೇಕು. ಇತಿಹಾಸದ ತರಗತಿಯು ಈ ಕೆಲಸವನ್ನು ಮಾಡುತ್ತದೆ. ಸಾಹಿತ್ಯದ ತರಗತಿಯೂ ಮಾಡಬೇಕು. ದೇವದುರ್ಗದಿಂದ ಕೃಷ್ಣೆಯಾಚೆಗಿರುವ ಸುರಪುರದಲ್ಲಿ ೧೮೪೧ರಿಂದ ಹಲವು ವರ್ಷ ಅಧಿಕಾರದಲ್ಲಿದ್ದ ಮೆಡೋಸ್ ಟೇಲರನ ಆತ್ಮಕಥೆಯು ೧೮೭೭ರಲ್ಲಿ ಅಚ್ಚಾಯಿತು. ಅದರಲ್ಲಿ ಆಳುವವನ ದೃಷ್ಟಿ ಎಷ್ಟು, ನೆರೆಯವನ ದೃಷ್ಟಿ ಎಷ್ಟು ಎಂದು ತೂಗುವುದು ಸ್ನಾತಕೋತ್ತರ ವಿದ್ಯಾರ್ಥಿಗೆ ತಕ್ಕ ವ್ಯಾಯಾಮ.

ಮಾನವಿಯ ತಾಲೂಕಿಗೆ ಸೇರಿದ ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರು ಮೂರು ಬಾರಿ ಕಾಶಿಗೆ ಹೋಗಿಬಂದರೆಂದು ಸಂಪ್ರದಾಯವು ಹೇಳುತ್ತದೆ. ತೀರ್ಥಕ್ಷೇತ್ರಗಳನ್ನೂ ನದಿಗಳನ್ನೂ ಕುರಿತು ಅವರು ರಚಿಸಿದ ಸುಳಾದಿಗಳನ್ನು ನಾವು ಭಕ್ತಿಸಾಹಿತ್ಯದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೇವೆ. ಅವುಗಳಲ್ಲಿ ಸ್ಥಳಪುರಾಣದ ಅಂಶವೇ ಹೆಚ್ಚು, ದಾರಿಯ ಧೂಳು ಕಡಮೆ ಎಂಬುದನ್ನು ಒಪ್ಪಬೇಕಾದುದೇ. ಆದರೂ ಹದಿನೆಂಟನೆಯ ಶತಮಾನದಲ್ಲಿ ಕನ್ನಡಿಗನೊಬ್ಬನು ಭಾರತದ ಭೂಪಟವನ್ನು ಯಾವ ಕ್ರಮದಲ್ಲಿ ಮನಸ್ಸಿನಲ್ಲಿ ಹಿಡಿದಿದ್ದನೆಂಬುದಕ್ಕೆ ಅವು ಸಾಕ್ಷಿ. ಪೂಜೆಗೆ ಕುಂದು ಬಾರದಂತೆಯೇ ಅವುಗಳನ್ನು ಯಾತ್ರಾಸಾಹಿತ್ಯವೆಂದೂ ಓದಬಹುದು.

ಇಷ್ಟನ್ನು ಆತುರದಿಂದ ಹೇಳಲು ಕಾರಣವುಂಟು. ತುಂಗಭದ್ರೆಯ ಅಣೆಕಟ್ಟು ೧೯೫೩ರಲ್ಲಿ ಮುಗಿದ ಬಳಿಕ ಎಡದಂಡೆಯ ಕಾಲುವೆಯು ಮಾನವಿಯ ಕಡೆಗೆ ನೀರು ತಂದಿತು. ಜೋಳ ಹತ್ತಿಗಳಿದ್ದಲ್ಲಿ ಬತ್ತವು ತುಂಬಿತು, ಬೆಳ್ಳಕ್ಕಿಗಳು ಇಳಿದುವು, ನೀರು ನಿಂತ ಕಡೆ ಮಣ್ಣು ಸವಳಾಯಿತು. ನಾರಾಯಣಪುರದ ಬಲದಂಡೆ ಕಾಲುವೆಯಿಂದ ದೇವದುರ್ಗದಲ್ಲಿಯೂ ನೆಲದ ಬಣ್ಣ ಬದಲಾಗುತ್ತಿದೆ. ಹೊಟ್ಟೆಗೆ ಅನ್ನ ಬಂದುದನ್ನು ಯಾರೂ ನಿಂದಿಸಲಾರರು. ಆದರೆ ಇಷ್ಟು ದೊಡ್ಡ ಪರಿವರ್ತನೆಯನ್ನು ಕಣ್ಣಿಟ್ಟು ಬರೆದ ಒಂದು ಒಳ್ಳೆಯ ಗದ್ಯಗ್ರಂಥವು ನಮ್ಮ ಬಯಲಿಗೆ ಬೇಕಾಗಿದೆ. ಹೊಳೆಯಾಚೆ ಸಿರುಗುಪ್ಪದ ಸೀಮೆಯಲ್ಲಿ ಬೆರಳೆಣಿಕೆಯಷ್ಟು ಮಾತ್ರ ಕಂಡುಬಂದಿರುವ ದೊಡ್ಡ ಹಕ್ಕಿಗೆ ಎರೆಭೂತವೆಂದು ಹೆಸರು. ಹಕ್ಕಿಯನ್ನು ಅದು ಬಾಳುವ ಮಣ್ಣಿನಿಂದಲೇ ಗುರುತಿಸಿ ಕರೆದ ಜನರು ಮಹಿಮಭಟ್ಟನನ್ನು ಓದಿರಲಿಲ್ಲ. ಹಕ್ಕಿ ಹೋದರೆ ಹೆಸರು ಹೋಗುತ್ತದೆ. ಎರೆ ಎಂಬುದರ ಅರ್ಥವನ್ನು ನಿಘಂಟಿನಲ್ಲಿ ಹುಡುಕುವ ಎಂ.ಎ. ಪದವೀಧರರು ಈಗಾಗಲೇ ನಮ್ಮ ನಡುವೆ ಇದ್ದಾರೆ.

ಆದಕಾರಣ ಈ ಸೀಮೆಯ ಕನ್ನಡ ಅಧ್ಯಾಪಕರಲ್ಲಿ ಒಂದು ವಿಜ್ಞಾಪನೆ. ಲಕ್ಷಣ ಬರೆಯಿರೆಂಬ ಪ್ರಶ್ನೆಗೆ ಮೀಸಲಾದ ಅಂಕಗಳಲ್ಲಿ ಅರ್ಧವನ್ನು ನಡೆದು ಬರೆದ ಒಂದು ದಿನಚರಿಗೆ ಕೊಡಬೇಕು. ರಾಯಚೂರಿನ ಕೋಟೆಯಿಂದ ಹೊರಟು, ಗಬ್ಬೂರಿನ ದೇಗುಲಗಳನ್ನು ನೋಡಿಕೊಂಡು ದೇವದುರ್ಗಕ್ಕೆ ಹೋಗಿ, ಅಲ್ಲಿಂದ ಮಾನವಿಗೆ ಇಳಿದರೆ ಒಣಬಯಲೂ ನೀರಾವರಿಯೂ ಎರಡೂ ಕಣ್ಣಿಗೆ ಬೀಳುತ್ತವೆ. ಬೇಸಗೆಯ ಪರೀಕ್ಷಾಕಾಲವು ಇದಕ್ಕೆ ಸಲ್ಲದು. ಎಳ್ಳಮಾವಾಸ್ಯೆಯ ಸುಮಾರಿಗೆ ಹೊರಡಬೇಕು. ಆಗ ಹಿಂಗಾರಿ ಜೋಳವು ಹೊಲದಲ್ಲಿ ನಿಂತಿರುತ್ತದೆ, ಚರಗ ಚೆಲ್ಲಲು ಬಂದ ಮನೆಮಂದಿಯೂ ಅಲ್ಲಿಯೇ ಇರುತ್ತಾರೆ, ಕೇಳಿದ್ದಕ್ಕೆ ಉತ್ತರ ಹೇಳುತ್ತಾರೆ, ಊಟಕ್ಕೂ ಕೂರಿಸುತ್ತಾರೆ.